ಕಾದುವ ಕೈ

ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡು ಕಾವೇರಿಯ ದಂಡೆಯ ಮೇಲಿರುವ ಪುರಾತನ ಕ್ಷೇತ್ರ. ಇಲ್ಲಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಮರಳು. ದೇವಾಲಯಗಳನ್ನು ನೋಡಬೇಕಾದರೆ ಮರಳಿನ ದಿಣ್ಣೆಗಳನ್ನು ಏರಿ ಇಳಿಯಬೇಕು. ಇಂದು ಇಷ್ಟು ಶಾಂತವಾಗಿ ತೋರುವ ಈ ನೆಲಕ್ಕಾಗಿ ಒಂದು ಕಾಲದಲ್ಲಿ ಘೋರವಾದ ಕಾಳಗಗಳು ನಡೆದವು. ಶತಮಾನಗಳ ಕಾಲ ಗಂಗರ ರಾಜಧಾನಿಯಾಗಿದ್ದ ಈ ಊರು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ವಶವಾಗಿ ರಾಜರಾಜಪುರವೆನಿಸಿತು. 1116ರ ಸುಮಾರಿನಲ್ಲಿ ಹೊಯ್ಸಳ ವಿಷ್ಣುವರ್ಧನನು ಅದನ್ನು ಗೆದ್ದು ‘ತಲಕಾಡುಗೊಂಡ’ ಎಂಬ ಬಿರುದನ್ನು ಧರಿಸಿದನು. ಗೆಲುವಿನ ನೆನಪಿಗೆ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದನು.

ಗಂಗರ ಕಾಲದ ಒಂದು ಹೋರಾಟದ ಕಥೆಯನ್ನು ಆತಕೂರಿನ ಶಾಸನ ಹೇಳುತ್ತದೆ. ಹತ್ತನೆಯ ಶತಮಾನದ ನಡುಭಾಗದಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧವಾಯಿತು. ರಾಷ್ಟ್ರಕೂಟರ ಪರವಾಗಿ ನಿಂತ ಗಂಗ ದೊರೆ ಇಮ್ಮಡಿ ಬೂತುಗನ ಬಂಟ ಮಣಲೇರನು ಆ ಯುದ್ಧದಲ್ಲಿ ಪರಾಕ್ರಮ ತೋರಿದನು. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆಂದಾಗ ಮಣಲೇರನು ಹೊನ್ನನ್ನು ಬೇಡಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನೆಟ್ಟರು. ಹಂದಿಯ ಮೇಲೆ ಎರಗಿದ ನಾಯಿಯನ್ನು ಶಿಲ್ಪಿಯು ಅದರಲ್ಲಿ ಕಡೆದಿದ್ದಾನೆ. ಸಾವಿರ ವರ್ಷಗಳು ಕಳೆದರೂ ಆ ನಾಯಿಯ ಪಟ್ಟು ಸಡಿಲಿಲ್ಲ.

ಕಲ್ಲಿನಲ್ಲಿ ಕಡೆದ ಕಾಳಗವು ಆಗಿಹೋದ ಕಾಳಗ. ನೋಡುವವನು ಕನಿಕರಪಡಬಹುದು, ಹೆಮ್ಮೆಪಡಬಹುದು. ಆದರೆ ನಾಯಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ಉಳಿಸಿಕೊಳ್ಳಲಾರ. ಕಥೆ ಕೇಳುವವನ ಪಾಡೂ ಅದೇ. ಆಟದಲ್ಲಿ ಮಾತ್ರ ಹಾಗಲ್ಲ. ಆಟವು ನೋಡುವವನನ್ನು ಕಾಳಗದ ಒಳಕ್ಕೆ ಕರೆದು, ‘ಈಗ ನೀನು ಮಾಡು’ ಎನ್ನುತ್ತದೆ. ಆ ಕ್ಷಣದಲ್ಲಿಯೇ ಒಂದು ಪ್ರಶ್ನೆಯೂ ಹುಟ್ಟುತ್ತದೆ. ಆಡುವವನ ಮನಸ್ಸಿನಲ್ಲಿ ಮೂಡಿದ ಇಚ್ಛೆ, ಆಟದೊಳಗಿನ ವೀರನ ಕೈಗೆ ತಲುಪುವ ದಾರಿ ಯಾವುದು? ಈ ದಾರಿಯನ್ನೇ ಹಿಡಿತ ಅಥವಾ ನಿಯಂತ್ರಣ ಎನ್ನುತ್ತಾರೆ. ಅದು ಹೇಗಿರಬೇಕೆಂಬ ಬಗೆಗೆ ಇಂದು ವಿಡಿಯೊ ಆಟಗಳನ್ನು ಆಡುವವರಲ್ಲಿ ಬಿರುಸಾದ ಭಿನ್ನಾಭಿಪ್ರಾಯಗಳಿವೆ. ಈ ಜಗಳ ಹೊಸದೆಂದು ತೋರಿದರೂ ಅದರ ಬೇರು ಹಳೆಯದು.

ನಮ್ಮ ಮನೆಗಳ ಜಗಲಿಯ ಮೇಲೆ ಆಡುತ್ತಿದ್ದ ಆಟಗಳನ್ನೇ ನೋಡಬಹುದು. ಚದುರಂಗವೆಂದರೆ ಆನೆ, ಕುದುರೆ, ರಥ, ಕಾಲಾಳುಗಳ ನಾಲ್ಕು ಅಂಗದ ಸೈನ್ಯ. ಅಲ್ಲಿ ಇಬ್ಬರೂ ಸರದಿಯಂತೆ ನಡೆಯುತ್ತಾರೆ. ಕಾಯಿಯನ್ನು ಎಷ್ಟು ವೇಗವಾಗಿ ಎತ್ತಿಟ್ಟೆವೆಂಬುದಕ್ಕೆ ಬೆಲೆಯಿಲ್ಲ, ಎಲ್ಲಿಟ್ಟೆವೆಂಬುದಕ್ಕೆ ಬೆಲೆ. ನಡುಗುವ ಕೈಯ ಮುದುಕನೂ ಗಟ್ಟಿಮುಟ್ಟಾದ ಯುವಕನನ್ನು ಅಲ್ಲಿ ಸೋಲಿಸಬಹುದು. ಪಗಡೆಯಲ್ಲಿ ದಾಳವು ಎಷ್ಟು ಮನೆ ನಡೆಯಬೇಕೆಂದು ಹೇಳುತ್ತದೆ. ಯಾವ ಕಾಯಿ ನಡೆಯಬೇಕೆಂದು ಆಡುವವನು ತೀರ್ಮಾನಿಸುತ್ತಾನೆ. ಅದೃಷ್ಟವೂ ವಿವೇಕವೂ ಅಲ್ಲಿ ಜೊತೆಯಾಗಿ ನೊಗ ಹೊರುತ್ತವೆ. ಚೌಕಾಬಾರದಲ್ಲಿ ಕವಡೆಗಳು ಆ ಕೆಲಸ ಮಾಡುತ್ತವೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗಳಿಗೆ ಹೋಗಕೂಡದೆಂದು ಕೆಲವು ಮನೆಗಳಲ್ಲಿ ಕಟ್ಟುನಿಟ್ಟು. ಮತ್ತೆ ಕೆಲವು ಮನೆಗಳಲ್ಲಿ ಆ ಕಟ್ಟಿಲ್ಲ. ಮದುವೆಯಾಗಿ ಬಂದ ಸೊಸೆ ತವರಿನ ನಿಯಮವನ್ನು ಹೇಳಿದರೆ ಅತ್ತೆ ತನ್ನ ಮನೆಯ ನಿಯಮವನ್ನು ಹೇಳುತ್ತಾಳೆ. ಆಟಕ್ಕೆ ಮೊದಲು ನಿಯಮದ ಜಗಳ ಮುಗಿಯಬೇಕು. ಹಾಗೆ ಮುಗಿಸಿಕೊಳ್ಳುವುದೇ ಆಟದ ಮೊದಲ ಪಾಠ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳಲ್ಲಿ ಅಪಾರ ಆಸಕ್ತಿಯಿದ್ದ ದೊರೆ. 1794ರಲ್ಲಿ ಹುಟ್ಟಿ 1868ರಲ್ಲಿ ತೀರಿಕೊಂಡ ಅವರು ಹಳೆಯ ಆಟಗಳನ್ನು ವಿಸ್ತರಿಸಿದರು. ಹೊಸ ಆಟಗಳನ್ನು ರೂಪಿಸಿದರು. ಚದುರಂಗದ ಕುದುರೆಯು ತನ್ನ ವಕ್ರ ನಡೆಯಿಂದ ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿಬರುವ ಸಮಸ್ಯೆ ಅವರಿಗೆ ಬಹಳ ಪ್ರಿಯವಾಗಿತ್ತು. ಇಂದಿಗೂ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಇಂಥ ಆಟಗಳನ್ನು ಜನರಿಗೆ ಪರಿಚಯಿಸುತ್ತಿದೆ. ಈ ಆಟಗಳೆಲ್ಲವೂ ಕಾಳಗವನ್ನು ನಿಧಾನಗೊಳಿಸಿ, ಯೋಚನೆಗೆ ಎಡೆಮಾಡಿಕೊಟ್ಟಂಥವು.

ಅದೇ ಮೈಸೂರಿನಲ್ಲಿ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಪರಂಪರೆಯೂ ಇದೆ. ಅದು ಗರಡಿಯ ಪರಂಪರೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜಟ್ಟಿಗಳು ವಜ್ರಮುಷ್ಟಿಯನ್ನು ಧರಿಸಿ ಕಾದುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಕಾಣಿಸಿಕೊಂಡೊಡನೆ ಕಾಳಗ ನಿಲ್ಲುತ್ತದೆ. ಅಲ್ಲಿ ಯೋಚಿಸುತ್ತ ನಿಂತವನು ಪೆಟ್ಟು ತಿನ್ನುತ್ತಾನೆ. ವರ್ಷಗಳ ಸಾಧನೆಯಿಂದ ಪಟ್ಟು ಮೈಗೆ ಹತ್ತಿರಬೇಕು. ಕಣ್ಣು ಕಂಡದ್ದನ್ನು ಕೈ ತಾನಾಗಿಯೇ ಮಾಡಬೇಕು. ಚದುರಂಗದಲ್ಲಿ ಬುದ್ಧಿಯು ಕೈಯನ್ನು ನಡೆಸಿದರೆ ಗರಡಿಯಲ್ಲಿ ಕೈಯೇ ಬುದ್ಧಿಯಾಗುತ್ತದೆ.

ಗರಡಿಯಲ್ಲಿಯೂ ಹಿಡಿತದ ಪ್ರಶ್ನೆ ಬಿಡಲಿಲ್ಲ. ನಮ್ಮ ಹಳ್ಳಿಗಳ ಕುಸ್ತಿ ನಡೆಯುವುದು ಕೆಮ್ಮಣ್ಣಿನ ಮಟ್ಟಿಯಲ್ಲಿ. ಅಂತರರಾಷ್ಟ್ರೀಯ ಸ್ಪರ್ಧೆಗಳು ನಡೆಯುವುದು ಮೆತ್ತನೆಯ ಚಾಪೆಯ ಮೇಲೆ. ಮಣ್ಣಿನಲ್ಲಿ ಕಾಲು ಊರುವ ಬಗೆಯೇ ಬೇರೆ, ಚಾಪೆಯ ಮೇಲೆ ಊರುವ ಬಗೆಯೇ ಬೇರೆ. ಮಣ್ಣಿನಲ್ಲಿ ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿ ಚಿತ್ ಮಾಡುವುದೇ ಗೆಲುವು. ಚಾಪೆಯ ಮೇಲೆ ಪಟ್ಟುಪಟ್ಟಿಗೂ ಅಂಕ. ಮಣ್ಣಿನಲ್ಲಿ ಬೆಳೆದ ಖಾಶಾಬಾ ಜಾಧವ್ ಅವರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಈ ಹೊಸ ನೆಲವನ್ನೂ ಹೊಸ ನಿಯಮಗಳನ್ನೂ ಎದುರಿಸಬೇಕಾಯಿತು. ಅವರು ಎದೆಗುಂದಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವನ್ನು ತಂದರು. ಒಬ್ಬನ ಶಕ್ತಿ ಎಷ್ಟಿದ್ದರೂ ಅದು ಹೊರಬರುವ ದಾರಿ ಬದಲಾದರೆ ಶಕ್ತಿಯನ್ನೇ ಹೊಸದಾಗಿ ಕಲಿಯಬೇಕಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇಂದಿನ ವಿಡಿಯೊ ಆಟಗಳಲ್ಲಿ ಚದುರಂಗ, ಪಗಡೆ, ಗರಡಿ ಈ ಮೂರೂ ಒಂದೇ ಅಂಗಳಕ್ಕೆ ಬಂದಿವೆ. ಅದರಲ್ಲಿಯೂ ‘ಪಾತ್ರ ವಹಿಸಿ ಆಡುವ ಆಟ’ ಎಂಬ ಜಾತಿಯ ಆಟಗಳಲ್ಲಿ ಈ ಬೆರಕೆ ಹೆಚ್ಚು. ಆಡುವವನು ಒಬ್ಬ ವೀರನ ಪಾತ್ರ ವಹಿಸುತ್ತಾನೆ. ಆ ವೀರನು ದೇಶ ಸುತ್ತುತ್ತಾನೆ, ಜನರೊಡನೆ ಮಾತನಾಡುತ್ತಾನೆ, ಕಾದುತ್ತಾನೆ. ಕಾದಿದಂತೆಲ್ಲ ಅನುಭವ ಗಳಿಸಿ ಬಲಿಯುತ್ತಾನೆ. ಇದರ ಮೂಲ ಅಮೆರಿಕದಲ್ಲಿ 1974ರಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟ. ಅದನ್ನು ಆಡುತ್ತಿದ್ದುದು ಮೇಜಿನ ಸುತ್ತ ಕುಳಿತು. ಕತ್ತಿಯ ಏಟು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತಿತ್ತು. ಆ ಕ್ರಮವೇ ಕಂಪ್ಯೂಟರಿಗೆ ಬಂತು. ಜಪಾನಿನಲ್ಲಿ 1986ರಲ್ಲಿ ‘ಡ್ರಾಗನ್ ಕ್ವೆಸ್ಟ್’, 1987ರಲ್ಲಿ ‘ಫೈನಲ್ ಫ್ಯಾಂಟಸಿ’ ಎಂಬ ಆಟಗಳು ಬಂದವು. ‘ಹೊಡೆ’, ‘ಕಾಪಾಡಿಕೊ’, ‘ಓಡು’ ಎಂಬಂಥ ಆಜ್ಞೆಗಳ ಪಟ್ಟಿ ಪರದೆಯ ಮೇಲೆ ಮೂಡುತ್ತಿತ್ತು. ಆಡುವವನು ಒಂದನ್ನು ಆರಿಸಿದರೆ ವೀರನು ಅದನ್ನು ನೆರವೇರಿಸುತ್ತಿದ್ದನು. ಇದು ಸರದಿಯ ಕಾಳಗ.

ಸರದಿಯನ್ನು ಮುರಿದ ಆಟಗಳೂ ಅದೇ ಕಾಲದಲ್ಲಿ ಹುಟ್ಟಿದವು. ಅಲ್ಲಿ ಗುಂಡಿಯನ್ನು ಒತ್ತಿದ ಕ್ಷಣದಲ್ಲಿಯೇ ಕತ್ತಿ ಬೀಸುತ್ತದೆ. ಒತ್ತದಿದ್ದರೆ ಶತ್ರು ಕಾಯುವುದಿಲ್ಲ. ಈ ಎರಡು ಬಗೆಗಳ ನಡುವಿನ ತಿಕ್ಕಾಟಕ್ಕೆ ‘ಡಯಾಬ್ಲೊ’ ಎಂಬ ಆಟದ ಹುಟ್ಟಿನ ಕಥೆ ಪ್ರಸಿದ್ಧವಾದ ಉದಾಹರಣೆ. 1990ರ ದಶಕದ ನಡುವಿನಲ್ಲಿ ಅದನ್ನು ರೂಪಿಸುತ್ತಿದ್ದ ಡೇವಿಡ್ ಬ್ರೆವಿಕ್ ಅದನ್ನು ಸರದಿಯ ಆಟವಾಗಿಯೇ ಕಲ್ಪಿಸಿದ್ದರು. ಜೊತೆಗಾರರು ಸರದಿಯನ್ನು ಕೈಬಿಡಬೇಕೆಂದು ಒತ್ತಾಯಿಸಿದರು. ಬ್ರೆವಿಕ್ ಒಪ್ಪಲಿಲ್ಲ, ಬಹುಮತ ಅವರಿಗೆ ವಿರುದ್ಧವಾಯಿತು. ಕೊನೆಗೆ ಅವರೇ ಕುಳಿತು ಕೆಲವೇ ಗಂಟೆಗಳಲ್ಲಿ ಆಟವನ್ನು ಬದಲಿಸಿದರು. ಪರದೆಯ ಮೇಲಿದ್ದ ಅಸ್ಥಿಪಂಜರವೊಂದರ ಮೇಲೆ ಮೌಸನ್ನು ಒತ್ತಿದರು. ವೀರನು ನಡೆದುಹೋಗಿ ಹೊಡೆದನು. ಅಸ್ಥಿಪಂಜರ ಚೂರಾಗಿ ಬಿದ್ದಿತು. ಆ ಒಂದು ಏಟಿನಿಂದ ಅವರ ಮನಸ್ಸು ಬದಲಾಯಿತು. ಮುಂದೆ ಆ ಆಟವು ಲಕ್ಷಾಂತರ ಜನರನ್ನು ಸೆಳೆಯಿತು. ವಾದದಿಂದ ಬಗೆಹರಿಯದ ವಿವಾದವನ್ನು ಕೈಯ ಅನುಭವ ಬಗೆಹರಿಸಿತು.

ಆದರೂ ವಿವಾದ ಅಲ್ಲಿಗೆ ಮುಗಿಯಲಿಲ್ಲ. ಸರದಿಯ ಪಕ್ಷದವರ ವಾದ ಹೀಗಿದೆ: ‘ಪಾತ್ರ ವಹಿಸುವುದೆಂದರೆ ಬೇರೊಬ್ಬನಾಗುವುದು. ಆ ವೀರನು ಬಿಲ್ವಿದ್ಯೆಯಲ್ಲಿ ನಿಪುಣ. ನನ್ನ ಬೆರಳು ನಿಧಾನವೆಂಬ ಕಾರಣಕ್ಕೆ ಅವನ ಬಾಣ ಗುರಿ ತಪ್ಪುವುದು ನ್ಯಾಯವೆ? ಅವನ ಸಾಧನೆ ಅವನದು. ನನ್ನದು ವಿವೇಚನೆ ಮಾತ್ರ.’ ಎದುರು ಪಕ್ಷದವರು ಹೀಗೆ ಹೇಳುತ್ತಾರೆ: ‘ಪಟ್ಟಿಯಿಂದ ಆಜ್ಞೆ ಆರಿಸಿ ಕುಳಿತರೆ ನಾನು ಕಾದಿದಂತಾಗುವುದಿಲ್ಲ; ಕಾದಾಟವನ್ನು ನೋಡಿದಂತಾಗುತ್ತದೆ. ಭಯದಿಂದ ಎದೆ ಹೊಡೆದುಕೊಳ್ಳುವಾಗ ತಪ್ಪದೆ ಗುಂಡಿಯೊತ್ತಿದರೆ ಮಾತ್ರ ಗೆಲುವು ನನ್ನದು.’ ಒಂದು ಪಕ್ಷವು ಚದುರಂಗದ ಮಣೆಯ ಮುಂದೆ ಕುಳಿತಿದೆ, ಇನ್ನೊಂದು ಮಟ್ಟಿಗೆ ಇಳಿದಿದೆ. ಎರಡು ಮಾತಿನಲ್ಲಿಯೂ ಹುರುಳಿದೆ.

ಈ ಕಾರಣದಿಂದಲೇ ದೊಡ್ಡ ಆಟಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿದಾಗಲೆಲ್ಲ ಹಳೆಯ ಅಭಿಮಾನಿಗಳು ನೊಂದುಕೊಂಡಿದ್ದಾರೆ. ಸರದಿಯ ಕಾಳಗಕ್ಕೆ ಹೆಸರಾಗಿದ್ದ ‘ಫೈನಲ್ ಫ್ಯಾಂಟಸಿ’ಯ ಹದಿನಾರನೆಯ ಕಂತು 2023ರಲ್ಲಿ ಪೂರ್ಣವಾಗಿ ಕೈಚಳಕದ ಕಾಳಗವಾಗಿ ಬಂದಿತು. ಅದೇ ವರ್ಷ ಬಂದ ‘ಬಾಲ್ಡರ್ಸ್ ಗೇಟ್’ನ ಮೂರನೆಯ ಕಂತು ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. 1998 ಮತ್ತು 2000ದಲ್ಲಿ ಬಂದಿದ್ದ ಅದರ ಮೊದಲೆರಡು ಕಂತುಗಳಲ್ಲಿ ಕಾಳಗ ಓಡುತ್ತಿತ್ತು. ಬೇಕೆಂದಾಗ ನಿಲ್ಲಿಸಿ ಆಜ್ಞೆ ಕೊಡಬಹುದಾಗಿತ್ತು. ಮೂರನೆಯದು ಶುದ್ಧ ಸರದಿಯ ಕಾಳಗವಾಯಿತು. ಅಲ್ಲಿಯೂ ಕೆಲವರು ಮುನಿಸಿಕೊಂಡರು, ಇಲ್ಲಿಯೂ ಕೆಲವರು ಮುನಿಸಿಕೊಂಡರು. ಎರಡನ್ನೂ ಹೊಂದಿಸುವ ಯತ್ನಗಳೂ ನಡೆದಿವೆ. 2025ರಲ್ಲಿ ಫ್ರಾನ್ಸಿನಿಂದ ಬಂದ ‘ಕ್ಲೇರ್ ಆಬ್ಸ್ಕ್ಯೂರ್’ ಎಂಬ ಆಟದಲ್ಲಿ ಹೊಡೆಯುವುದು ಸರದಿಯಂತೆ. ಆದರೆ ಶತ್ರುವಿನ ಏಟನ್ನು ತಪ್ಪಿಸಿಕೊಳ್ಳುವುದು ಸರಿಯಾದ ಕ್ಷಣದಲ್ಲಿ ಗುಂಡಿ ಒತ್ತುವುದರಿಂದ.

ಕೈಚಳಕದ ಆಟವೇ ಸರಿಯೆಂದು ಒಪ್ಪಿದವರಲ್ಲಿಯೂ ಒಮ್ಮತವಿಲ್ಲ. ಯಾವ ಬೆರಳಿಗೆ ಯಾವ ಕೆಲಸ ಎಂಬುದು ಮುಂದಿನ ಪ್ರಶ್ನೆ. ಆಟದ ಯಂತ್ರಗಳಿಗೆ ಎರಡು ಕೈಗಳಲ್ಲಿ ಹಿಡಿಯುವ ಕಂಟ್ರೋಲರ್ ಎಂಬ ಸಾಧನವಿರುತ್ತದೆ. ಬಲ ಹೆಬ್ಬೆರಳಿನ ಕೆಳಗೆ ನಾಲ್ಕು ಗುಂಡಿಗಳು. ತೋರುಬೆರಳುಗಳಿಗೆ ತಾಗುವಂತೆ ಅಂಚಿನಲ್ಲಿ ಇನ್ನು ಕೆಲವು. ಬಹುಕಾಲ ಕತ್ತಿಯ ಏಟು ಹೆಬ್ಬೆರಳಿನ ಕೆಲಸವಾಗಿತ್ತು. 2009ರಲ್ಲಿ ಹಿಡೆಟಾಕ ಮಿಯಾಜಾಕಿಯವರ ನಿರ್ದೇಶನದಲ್ಲಿ ಬಂದ ‘ಡೀಮನ್ಸ್ ಸೋಲ್ಸ್’ ಎಂಬ ಆಟವು ಅದನ್ನು ಅಂಚಿನ ಗುಂಡಿಗಳಿಗೆ ಕೊಟ್ಟಿತು. ಬಲಗೈಯ ಆಯುಧಕ್ಕೆ ಬಲ ಅಂಚು, ಎಡಗೈಯ ಗುರಾಣಿಗೆ ಎಡ ಅಂಚು. ಇದರಿಂದ ಹೆಬ್ಬೆರಳಿಗೆ ಬಿಡುವು ದೊರೆತು, ಕಾದುತ್ತಿರುವಾಗಲೇ ಸುತ್ತಲಿನ ನೋಟವನ್ನು ತಿರುಗಿಸಲು ಅನುಕೂಲವಾಯಿತು. ಹಳೆಯ ಅಭ್ಯಾಸದವರಿಗೆ ಅದು ಮೊದಲು ಎಡವಟ್ಟಾಗಿ ಕಂಡಿತು. ಮುಂದೆ ಎಷ್ಟೋ ಆಟಗಳು ಅದನ್ನೇ ಅನುಸರಿಸಿದವು.

ಆ ಆಟದಲ್ಲಿ ಇನ್ನೊಂದು ವಿಶೇಷವೂ ಇತ್ತು. ಒಮ್ಮೆ ಬೀಸಿದ ಕತ್ತಿಯನ್ನು ನಡುವೆ ಹಿಂದಕ್ಕೆ ಸೆಳೆಯುವಂತಿಲ್ಲ. ಬೀಸಿದಷ್ಟೂ ವೀರನ ತ್ರಾಣ ಕುಂದುತ್ತದೆ. ‘ಗುಂಡಿ ಒತ್ತಿದರೂ ವೀರನು ಮಾತು ಕೇಳುವುದಿಲ್ಲ’ ಎಂದು ಕೆಲವರು ದೂರಿದರು. ‘ಭಾರವಾದ ಕತ್ತಿ ಭಾರವಾಗಿಯೇ ಇರಬೇಕು, ದುಡುಕಿದವನು ಅದರ ಫಲ ಉಣ್ಣಬೇಕು’ ಎಂದು ಕೆಲವರು ಸಮರ್ಥಿಸಿದರು. 2015ರಲ್ಲಿ ಪೋಲೆಂಡಿನಿಂದ ಬಂದ ‘ದಿ ವಿಚರ್’ ಆಟದ ಮೂರನೆಯ ಕಂತಿನಲ್ಲಿಯೂ ನಾಯಕನ ನಡಿಗೆ ಜಡವೆಂಬ ಆಕ್ಷೇಪಣೆ ಬಂತು. ತಯಾರಕರು ಕೆಲವೇ ವಾರಗಳಲ್ಲಿ ಚುರುಕಾದ ಇನ್ನೊಂದು ನಡಿಗೆಯನ್ನು ಸೇರಿಸಿ, ಬೇಕಾದವರು ಆರಿಸಿಕೊಳ್ಳಲೆಂದು ಬಿಟ್ಟರು. ಹಳೆಯ ನಡಿಗೆಯನ್ನು ತೆಗೆದುಹಾಕಲಿಲ್ಲ. ಇದು ಗಮನಿಸಬೇಕಾದ ಸಂಗತಿ.

ಅಭ್ಯಾಸ ಎಷ್ಟು ಆಳವಾಗಿ ಬೇರೂರುತ್ತದೆಂಬುದಕ್ಕೆ ಜಪಾನಿನ ಒಂದು ಉದಾಹರಣೆ ಸ್ವಾರಸ್ಯಕರವಾಗಿದೆ. 1994ರಲ್ಲಿ ಬಂದ ‘ಪ್ಲೇಸ್ಟೇಷನ್’ ಯಂತ್ರದ ಗುಂಡಿಗಳ ಮೇಲೆ ವೃತ್ತ, ಗುಣಾಕಾರದ ಚಿಹ್ನೆ, ತ್ರಿಕೋನ, ಚೌಕಗಳಿದ್ದವು. ಜಪಾನಿನ ಶಾಲೆಗಳಲ್ಲಿ ಸರಿಯುತ್ತರಕ್ಕೆ ಉಪಾಧ್ಯಾಯರು ವೃತ್ತ ಹಾಕುತ್ತಾರೆ. ಆದ್ದರಿಂದ ಅಲ್ಲಿ ವೃತ್ತವೆಂದರೆ ‘ಆಗಲಿ’, ಗುಣಾಕಾರದ ಚಿಹ್ನೆಯೆಂದರೆ ‘ಬೇಡ’. ಪಶ್ಚಿಮದ ದೇಶಗಳಲ್ಲಿ ಇದು ತಿರುಗುಮುರುಗಾಯಿತು. 2020ರಲ್ಲಿ ಆ ಯಂತ್ರದ ಐದನೆಯ ಮಾದರಿ ಬಂದಾಗ ಎಲ್ಲ ದೇಶಗಳಿಗೂ ಒಂದೇ ಕ್ರಮವಿರಲೆಂದು ಜಪಾನಿನಲ್ಲಿಯೂ ಪಶ್ಚಿಮದ ಪದ್ಧತಿಯನ್ನೇ ತಂದರು. ಇಪ್ಪತ್ತೈದು ವರ್ಷಗಳಿಂದ ‘ಆಗಲಿ’ ಎಂದಿದ್ದ ಗುಂಡಿ ಒಂದೇ ದಿನದಲ್ಲಿ ‘ಬೇಡ’ ಎಂದಾಯಿತು. ನೋಟವನ್ನು ಮೇಲಕ್ಕೆ ತಿರುಗಿಸಲು ಕಡ್ಡಿಯನ್ನು ಮೇಲಕ್ಕೆ ತಳ್ಳಬೇಕೋ, ವಿಮಾನದಲ್ಲಿ ಮಾಡುವಂತೆ ತನ್ನ ಕಡೆಗೆ ಎಳೆಯಬೇಕೋ ಎಂಬುದೂ ಇಂಥದೇ ಮುಗಿಯದ ಜಗಳ. ಇವುಗಳಲ್ಲಿ ಒಂದು ಸರಿ, ಒಂದು ತಪ್ಪು ಎಂದು ಹೇಳುವಂತಿಲ್ಲ. ಕೈ ಮೊದಲು ಕಲಿತದ್ದು ಕೈಗೆ ತಾಯಿನುಡಿಯಂತೆ.

ನಮ್ಮ ಹಳ್ಳಿಗಳಿಗೆ ಈ ಆಟಗಳು ಬಂದದ್ದು ಹೆಚ್ಚಾಗಿ ಮೊಬೈಲ್ ಫೋನಿನ ಮೂಲಕ. ತಲಕಾಡಾಗಲಿ ನಂಜನಗೂಡಾಗಲಿ, ಯುವಕರ ಆಟದ ಯಂತ್ರ ಅದೇ. ಅದರಲ್ಲಿ ಗುಂಡಿಗಳಿಲ್ಲ; ಗಾಜಿನ ಮೇಲೆ ಗುಂಡಿಗಳ ಚಿತ್ರವಿದೆ. ಒತ್ತಿದ್ದು ಬೆರಳಿಗೆ ಗೊತ್ತಾಗುವುದಿಲ್ಲ. ಒತ್ತಿದ ಬೆರಳೇ ಶತ್ರುವನ್ನು ಮರೆಮಾಡುತ್ತದೆ. ಎರಡು ಹೆಬ್ಬೆರಳುಗಳಿಂದ ಆಡುವವರೂ ನಾಲ್ಕು ಬೆರಳುಗಳಿಂದ ಆಡುವವರೂ ತಮ್ಮ ತಮ್ಮ ಹಿಡಿತವೇ ಮೇಲೆಂದು ವಾದಿಸುತ್ತಾರೆ. 2020ರಲ್ಲಿ ಬಂದ ‘ಗೆನ್‌ಶಿನ್ ಇಂಪ್ಯಾಕ್ಟ್’ ಎಂಬ ಆಟವನ್ನು ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಕಂಟ್ರೋಲರ್ ಹಿಡಿದೂ ಆಡಬಹುದು. ಕಾಳಗ ಒಂದೇ, ಹಿಡಿತ ಮೂರು. ಮಣ್ಣಿಗೂ ಚಾಪೆಗೂ ಇರುವ ಅಂತರವನ್ನು ಇಲ್ಲಿಯೂ ಕಾಣಬಹುದು. ಬೆಲೆಬಾಳುವ ಸಾಧನವಿಲ್ಲದೆ ಗಾಜಿನ ಮೇಲೆ ಆಡಿ ಸೋತವನನ್ನು ‘ನಿನಗೆ ಆಟ ಬಾರದು’ ಎಂದು ಹೀಯಾಳಿಸುವುದು ಉಚಿತವಲ್ಲ.

ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆಯೊಂದಿದೆ. ಎರಡು ಕೈಗಳೂ ಹತ್ತು ಬೆರಳುಗಳೂ ಚೆನ್ನಾಗಿ ಕೆಲಸ ಮಾಡುತ್ತವೆಂದು ಭಾವಿಸಿಯೇ ಕಂಟ್ರೋಲರನ್ನು ರೂಪಿಸಿದ್ದಾರೆ. ಒಂದು ಕೈ ಇಲ್ಲದವರು, ಸ್ನಾಯುಗಳು ಸೊರಗಿದವರು, ಬೆರಳು ನಡುಗುವವರು, ಕಣ್ಣು ಮಂದವಾದವರು ಏನು ಮಾಡಬೇಕು? ಹಾಸಿಗೆ ಬಿಟ್ಟು ಏಳಲಾರದ ಹುಡುಗನಿಗೆ ಪರದೆಯ ಮೇಲೆ ಕುದುರೆಯೇರಿ ಹೋಗುವುದು ಸಣ್ಣ ಸಂತೋಷವಲ್ಲ. ಇಂಥವರನ್ನು ನೆನೆದು ಮೈಕ್ರೋಸಾಫ್ಟ್ ಸಂಸ್ಥೆಯು 2018ರಲ್ಲಿ ಹೊಸ ಬಗೆಯ ಕಂಟ್ರೋಲರೊಂದನ್ನು ಹೊರತಂದಿತು. ಅದರ ಮೇಲೆ ಅಂಗೈಯಿಂದ ಒತ್ತಬಹುದಾದ ಎರಡು ದೊಡ್ಡ ಗುಂಡಿಗಳಿವೆ. ಹಿಂಬದಿಯಲ್ಲಿ ಸಾಲಾಗಿ ತೂತುಗಳಿವೆ; ಕಾಲಿನಿಂದ, ಮೊಣಕೈಯಿಂದ ಅಥವಾ ಗದ್ದದಿಂದ ಒತ್ತುವ ಗುಂಡಿಗಳನ್ನು ಅವಕ್ಕೆ ಜೋಡಿಸಿಕೊಳ್ಳಬಹುದು. ಸೋನಿ ಸಂಸ್ಥೆಯೂ 2023ರಲ್ಲಿ ಇಂಥದೊಂದನ್ನು ತಂದಿತು. ಆಟಗಳ ಒಳಗೂ ಬದಲಾವಣೆಯಾಗಿದೆ. 2020ರ ‘ದಿ ಲಾಸ್ಟ್ ಆಫ್ ಅಸ್’ ಎಂಬ ಸಾಹಸದ ಆಟದ ಎರಡನೆಯ ಭಾಗದಲ್ಲಿ ದೃಷ್ಟಿ, ಶ್ರವಣ, ಚಲನೆಗಳ ಕೊರತೆಯುಳ್ಳವರಿಗಾಗಿ ಅರುವತ್ತಕ್ಕೂ ಹೆಚ್ಚು ಅನುಕೂಲಗಳನ್ನು ಒದಗಿಸಿದ್ದರು.

ಇದನ್ನು ಎಲ್ಲರೂ ಸುಲಭವಾಗಿ ಒಪ್ಪಲಿಲ್ಲ. 2019ರಲ್ಲಿ ಮಿಯಾಜಾಕಿಯವರದೇ ‘ಸೆಕಿರೊ’ ಎಂಬ ಅತಿ ಕಠಿಣವಾದ ಆಟ ಬಂದಾಗ, ಅದರಲ್ಲಿ ಸುಲಭದ ದಾರಿಯೊಂದಿರಬೇಕೇ ಬೇಡವೇ ಎಂಬ ವಾದ ಎದ್ದಿತು. ಸುಲಭ ಮಾಡಿದರೆ ಗೆಲುವಿನ ಬೆಲೆ ಹೋಗುತ್ತದೆ ಎಂದರು ಕೆಲವರು. ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಬೆವರಿಲ್ಲದೆ ಬಂದ ಗೆಲುವು ಬಹುಕಾಲ ರುಚಿಸದು. ಆದರೆ ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಆಟದ ಕಷ್ಟ ಬೇರೆ, ಹಿಡಿತದ ಕಷ್ಟ ಬೇರೆ. ಶತ್ರುವಿನ ಚಲನೆಯನ್ನು ಗಮನಿಸುವುದು, ಸಮಯ ಕಾಯುವುದು, ಸೋತಾಗ ಎದೆಗುಂದದಿರುವುದು ಆಟದ ಕಷ್ಟ. ಇದನ್ನು ತೆಗೆದರೆ ಆಟವೇ ಉಳಿಯುವುದಿಲ್ಲ. ತೋರುಬೆರಳಿಲ್ಲದವನು ತೋರುಬೆರಳಿನ ಗುಂಡಿಯನ್ನೇ ಒತ್ತಬೇಕೆನ್ನುವುದು ಹಿಡಿತದ ಕಷ್ಟ. ಇದನ್ನು ತೆಗೆದರೆ ಆಟಕ್ಕೆ ಯಾವ ನಷ್ಟವೂ ಇಲ್ಲ. ಆಡುವವರ ಸಂಖ್ಯೆ ಮಾತ್ರ ಹೆಚ್ಚುತ್ತದೆ. ಬೆಟ್ಟದ ಎತ್ತರವನ್ನು ತಗ್ಗಿಸುವುದು ಬೇರೆ, ಬೆಟ್ಟದ ಬುಡಕ್ಕೆ ದಾರಿ ಮಾಡುವುದು ಬೇರೆ.

ಎರಡರ ನಡುವಿನ ಗೆರೆ ಎಲ್ಲ ಕಡೆಯೂ ಸ್ಪಷ್ಟವಾಗಿಲ್ಲ ಎಂಬುದು ನಿಜ. ಚುರುಕಾದ ಬೆರಳನ್ನೇ ಪರೀಕ್ಷಿಸುವ ಆಟದಲ್ಲಿ ನಿಧಾನದ ಬೆರಳಿಗೆ ಎಷ್ಟು ರಿಯಾಯಿತಿ ಕೊಡಬೇಕೆಂಬುದು ಕಠಿಣ ಪ್ರಶ್ನೆಯೇ. ಇಬ್ಬರು ಎದುರುಬದುರಾಗಿ ಸ್ಪರ್ಧಿಸುವಾಗ ಒಂದೇ ನಿಯಮ ಬೇಕು. ಜಟ್ಟಿಗಳ ಕಾಳಗದಲ್ಲಿ ಒಬ್ಬನಿಗೊಂದು, ಇನ್ನೊಬ್ಬನಿಗೊಂದು ನಿಯಮ ಇರಲಾರದು. ಆದರೆ ಒಬ್ಬನೇ ಕುಳಿತು ಯಂತ್ರದೊಡನೆ ಆಡುವಾಗ ಅವನ ಹಿಡಿತದಿಂದ ಬೇರೆ ಯಾರ ಗೆಲುವೂ ಕುಂದುವುದಿಲ್ಲ. ಪಕ್ಕದ ಮನೆಯವರು ಚೌಕಾಬಾರವನ್ನು ಬೇರೆ ಕಟ್ಟಿನಿಂದ ಆಡಿದರೆ ನಮ್ಮ ಮನೆಯ ಕಾಯಿ ಹಣ್ಣಾಗುವುದು ನಿಲ್ಲುತ್ತದೆಯೆ?

ಹಿಡಿತದ ಜಗಳವನ್ನು ಗುಂಡಿಗಳ ಜಗಳವೆಂದು ನಗುವವರಿದ್ದಾರೆ. ಅದು ಗುಂಡಿಗಳಷ್ಟರ ಜಗಳವಲ್ಲ. ಪರಾಕ್ರಮ ಇರುವುದು ಕೈಯಲ್ಲಿಯೋ ಬುದ್ಧಿಯಲ್ಲಿಯೋ, ಗೆಲುವು ಯಾರದು, ಕಾಳಗದ ಅಂಗಳಕ್ಕೆ ಯಾರು ಬರಬಹುದು ಎಂಬ ಪ್ರಶ್ನೆಗಳು ಅದರಲ್ಲಿ ಅಡಗಿವೆ. ಹಲಗೆಯಾಟಗಳನ್ನು ರೂಪಿಸಿದ ದೊರೆಯೂ ಮಣ್ಣಿನಿಂದ ಚಾಪೆಗೆ ಹೋದ ಪೈಲ್ವಾನನೂ ಈ ಪ್ರಶ್ನೆಗಳನ್ನು ತಮ್ಮ ತಮ್ಮ ರೀತಿಯಲ್ಲಿ ಎದುರಿಸಿದವರೇ. ಮಣಲೇರನ ಪರಾಕ್ರಮ ಅವನ ತೋಳಿನಲ್ಲಿತ್ತು, ಕಾಳಿಯದು ಅದರ ಹಲ್ಲಿನಲ್ಲಿತ್ತು. ಕಲ್ಲು ಇಬ್ಬರ ಹೆಸರನ್ನೂ ಉಳಿಸಿತು. ಹಿಡಿತ ಹಲವು ಬಗೆಯದಾಗಿದ್ದರೂ ಕಾದುವ ಎದೆಗೆ ಗೌರವ ಒಂದೇ. ಈ ಮಾತನ್ನು ಅರಿತವನು ಆಟದಲ್ಲಿ ಗೆದ್ದಾಗ ಬೀಗುವುದಿಲ್ಲ. ಬೇರೆ ಹಿಡಿತದವನನ್ನು ಕಂಡಾಗ ಹೀಯಾಳಿಸದೆ ಪಕ್ಕದಲ್ಲಿ ಎಡೆಮಾಡಿಕೊಡುತ್ತಾನೆ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. ವಿಷ್ಣುವರ್ಧನನು ಧರಿಸಿದ ಬಿರುದು ಯಾವುದು?
2. ಮಣಲೇರನು ಬೇಡಿ ಪಡೆದುದೇನು?
3. ವಜ್ರಮುಷ್ಟಿ ಕಾಳಗ ಯಾವಾಗ ನಿಲ್ಲುತ್ತದೆ?
4. ಜಪಾನಿನ ಶಾಲೆಗಳಲ್ಲಿ ವೃತ್ತವು ಏನನ್ನು ಸೂಚಿಸುತ್ತದೆ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಕಲ್ಲಿನಲ್ಲಿ ಕಡೆದ ಕಾಳಗಕ್ಕೂ ಆಟದ ಕಾಳಗಕ್ಕೂ ಇರುವ ವ್ಯತ್ಯಾಸವೇನು?
2. ಖಾಶಾಬಾ ಜಾಧವ್ ಅವರ ಉದಾಹರಣೆಯಿಂದ ಯಾವ ವಿಷಯ ಸ್ಪಷ್ಟವಾಗುತ್ತದೆ?
3. ಡೇವಿಡ್ ಬ್ರೆವಿಕ್ ಅವರ ಮನಸ್ಸು ಬದಲಾದ ಸಂದರ್ಭವನ್ನು ವಿವರಿಸಿ.

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
1. ಸರದಿಯ ಕಾಳಗದ ಪರವಾಗಿಯೂ ಕೈಚಳಕದ ಕಾಳಗದ ಪರವಾಗಿಯೂ ಇರುವ ವಾದಗಳನ್ನು ಹೋಲಿಸಿ.
2. ‘ಆಟದ ಕಷ್ಟ ಬೇರೆ, ಹಿಡಿತದ ಕಷ್ಟ ಬೇರೆ’ ಎಂಬ ಮಾತನ್ನು ನಿಮಗೆ ತಿಳಿದ ಒಂದು ಆಟದ ಉದಾಹರಣೆಯೊಡನೆ ಸಮರ್ಥಿಸಿ.

ಈ. ಈ ನುಡಿಗಟ್ಟುಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿ.
ಪಟ್ಟು ಹಿಡಿ, ಎದೆಗುಂದು, ಕೈಬಿಡು, ನೊಗ ಹೊರು, ಎಡೆಮಾಡಿಕೊಡು.

ಉ. ನಿಮ್ಮ ಊರಿನಲ್ಲಿ ಆಡುವ ಒಂದು ಹಲಗೆಯಾಟದ ನಿಯಮಗಳನ್ನು ಹಿರಿಯರಿಂದ ಕೇಳಿ ಬರೆಯಿರಿ. ಎರಡು ಮನೆಗಳ ನಿಯಮಗಳಲ್ಲಿ ವ್ಯತ್ಯಾಸವಿದ್ದರೆ ಅದನ್ನೂ ಗುರುತಿಸಿ.